ಹಡಗಿನ ತಳವನ್ನು ನೋಡುವವರಾರು?

ಹಡಗಿನ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟಿಕೊಂಡರೆ ವೇಗ ತಗ್ಗುತ್ತದೆ, ಇಂಧನ ಹೆಚ್ಚು ಉರಿಯುತ್ತದೆ. ಅದನ್ನು ತಡೆಯಲು ಬಳಿಯುತ್ತಿದ್ದ ಟ್ರೈಬ್ಯುಟೈಲ್‌ಟಿನ್ ಬೆರೆತ ಬಣ್ಣವು 1970ರ ದಶಕದ ಕೊನೆಯ ವೇಳೆಗೆ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಸಿಂಪಿ ಕೃಷಿಯನ್ನು ನೆಲಕಚ್ಚಿಸಿತು. ಲಾಭ ನೌಕೆಯ ಒಡೆಯನಿಗೆ, ನಷ್ಟ ಸಿಂಪಿ ಬೆಳೆಗಾರನಿಗೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಮಾರುಕಟ್ಟೆಯ ವೈಫಲ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ಒಪ್ಪಂದವು ಈ ವಿಷವನ್ನು ನಿಷೇಧಿಸಿತು. ಅದು 2008ರಲ್ಲಿ ಜಾರಿಗೆ ಬಂದಿತು. 2023ರಿಂದ ಸೈಬ್ಯುಟ್ರಿನ್ ಬಳಿಯುವುದೂ ನಿಷಿದ್ಧ. ವಿದೇಶಯಾನ ಕೈಗೊಳ್ಳುವ, ಒಟ್ಟು ಟನ್ನೇಜ್ 400 ಅಥವಾ ಅದಕ್ಕಿಂತ ಹೆಚ್ಚಿರುವ ಹಡಗುಗಳಿಗೆ ಪ್ರಮಾಣಪತ್ರ ಕಡ್ಡಾಯ. ಬಂದರಿನಲ್ಲಿ ತಪಾಸಣಾಧಿಕಾರಿಯು ಅದನ್ನು ಪರಿಶೀಲಿಸಬಹುದು, ತಳದ ಬಣ್ಣದ ಮಾದರಿಯನ್ನೂ ತೆಗೆಯಬಹುದು. ಆದರೆ ಮಾದರಿಯ ಫಲಿತಾಂಶ ಬರಬೇಕೆಂಬ ಕಾರಣಕ್ಕೆ ಹಡಗನ್ನು ತಡೆದು ನಿಲ್ಲಿಸುವಂತಿಲ್ಲ.

ಈ ರಿಯಾಯಿತಿ ಅನ್ಯಾಯವೇನಲ್ಲ; ಹಡಗಿಗೆ ಒಂದು ದಿನದ ವಿಳಂಬವೂ ದುಬಾರಿಯೇ. ಆದರೆ ಕಡತಗಳ ನಡುವೆಯೇ ಸೇವಾವಧಿಯನ್ನು ಕಳೆದ ನಾನು ಕಂಡಂತೆ, ನಿಯಮದಲ್ಲಿನ ‘ಮಾಡಬಹುದು’ ಎಂಬುದು ಆಚರಣೆಯಲ್ಲಿ ‘ಬಿಡಬಹುದು’ ಎಂದಾಗುತ್ತದೆ. ಕಾಗದ ನೋಡುವುದು ಸುಲಭ. ನೀರಿನಡಿಯ ಬಣ್ಣವನ್ನು ಒರೆಸಿ ತೆಗೆಯುವುದು ಕಷ್ಟ. ಆದ್ದರಿಂದ ಪ್ರತಿಯೊಂದು ಬಂದರಿನಲ್ಲೂ ಕೆಲವು ಹಡಗುಗಳನ್ನಾದರೂ ಚೀಟಿ ಎತ್ತಿ ಆರಿಸಿ ಮಾದರಿ ತೆಗೆಯಬೇಕು. ಫಲಿತಾಂಶವು ಅವುಗಳ ಮುಂದಿನ ಬಂದರಿಗೆ ತಲುಪಬೇಕು. ಕಡಲಿಗೆ ಸೋರುವುದು ಬಣ್ಣವೇ ಹೊರತು ಪ್ರಮಾಣಪತ್ರವಲ್ಲ.