ಗುಂಯ್‌ಗುಡುವ ಮೂಗು, ಗಾಳಿಯಾಡುವ ಸೈನಸ್

ನಲ್ಲಿಯ ಕೆಳಗೆ ಕೊಡ ಇಟ್ಟು ಅಂಗಳ ಗುಡಿಸಲು ಹೋದ ಗೃಹಿಣಿ, ಅತ್ತ ನೋಡದೆಯೇ ಕೊಡ ತುಂಬಿತೆಂದು ಹೇಳಬಲ್ಲಳು. ನೀರು ಏರಿದಂತೆ ದನಿಯೂ ಏರುತ್ತದೆ. ಒಳಗಿನ ಗಾಳಿಯ ಜಾಗ ಕಿರಿದಾದಷ್ಟೂ ದನಿ ತೆಳ್ಳಗಾಗುತ್ತದೆ. ಮಸಗುಪ್ಪಿಯಾಗಲಿ, ಮೂಡಲಗಿಯಾಗಲಿ, ಹುಕ್ಕೇರಿಯಾಗಲಿ, ಯಾವ ಮನೆಯಲ್ಲೂ ಇದನ್ನು ಕಲಿಸಬೇಕಾಗಿಲ್ಲ. ಅಂಥವೇ ಕೊಡಗಳು ನಿಮ್ಮ ಮುಖದ ಎಲುಬುಗಳೊಳಗೂ ಇವೆ.

ಮೂಗಿನ ಅಕ್ಕಪಕ್ಕ, ಹಣೆಯಲ್ಲಿ, ಕಣ್ಣುಗಳ ನಡುವೆ ಮತ್ತು ಅದರ ಹಿಂದೆ ಗಾಳಿ ತುಂಬಿದ ಪೊಳ್ಳುಗಳಿವೆ. ಇವೇ ಸೈನಸ್‌ಗಳು. ಎಲ್ಲಕ್ಕಿಂತ ದೊಡ್ಡದು ಕೆನ್ನೆಯದು. ವಯಸ್ಕರಲ್ಲಿ ಅದು ಸುಮಾರು 15 ಮಿಲಿಲೀಟರ್, ಅಂದರೆ ಮೂರು ಚಹಾ ಚಮಚದಷ್ಟು ಗಾಳಿ ಹಿಡಿಯುತ್ತದೆ. ಮೂಗಿನೊಳಗೆ ತೆರೆಯುವ ಅದರ ಬಾಯಿ ಮಾತ್ರ ಕೆಲವೇ ಮಿಲಿಮೀಟರ್. ಆ ಬಾಯಿ ಇರುವುದೂ ತಳದಲ್ಲಲ್ಲ, ಮೇಲ್ಭಾಗದಲ್ಲಿ! ಹೀಗಾಗಿ ಒಳಗಿನ ಲೋಳೆ ತಾನಾಗಿ ಇಳಿದುಹೋಗದು. ಒಳಪೊರೆಯ ಸೂಕ್ಷ್ಮ ರೋಮಗಳು ಅದನ್ನು ಮೇಲಕ್ಕೆ ತಳ್ಳಬೇಕು.

ನೆಗಡಿಯಿಂದಲೋ ಅಲರ್ಜಿಯಿಂದಲೋ ಈ ಬಾಯಿ ಊದಿಕೊಂಡು ಮುಚ್ಚಿದರೆ ಲೋಳೆ ಒಳಗೇ ನಿಲ್ಲುತ್ತದೆ. ಕೆನ್ನೆ ಭಾರ, ಹಣೆನೋವು, ಬಗ್ಗಿದರೆ ಹೆಚ್ಚುವ ನೋವು ಶುರುವಾಗುತ್ತವೆ. ಮೇಲಿನ ಹಲ್ಲುಗಳು ನೋಯುವುದರಿಂದ ಹಲ್ಲಿನ ವೈದ್ಯರ ಬಳಿಗೆ ಓಡುವವರೂ ಉಂಟು. ಕಬ್ಬು ಕಟಾವಾಗಿ ಗದ್ದೆಯಲ್ಲಿ ರವದಿಗೆ ಬೆಂಕಿ ಹಚ್ಚುವ ದಿನಗಳಲ್ಲಿ ಹೊಗೆ, ಧೂಳು, ಬೆಳಗಿನ ಚಳಿ ಮೂರೂ ಸೇರಿದರೆ ಸೂಕ್ಷ್ಮ ಪ್ರಕೃತಿಯವರ ಮೂಗು ಸುಮ್ಮನಿರದು.

ಇನ್ನು ದನಿಯ ಮಾತು. ದೊಡ್ಡ ಹೊಟ್ಟೆ, ಕಿರಿದಾದ ಬಾಯಿಯ ಪಾತ್ರೆಯಲ್ಲಿ ಗಾಳಿ ಹೇಗೆ ಕಂಪಿಸುತ್ತದೆ ಎಂಬುದನ್ನು 19ನೇ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿವರಿಸಿದರು. (ಅವರು ಮೂಲತಃ ವೈದ್ಯರು ಎಂಬುದನ್ನು ಭೌತವಿಜ್ಞಾನದ ಪಾಠದಲ್ಲಿ ಯಾರೂ ಹೇಳುವುದಿಲ್ಲ.) ಒಳಗಿನ ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತದೆ; ಬಾಯಿಯಲ್ಲಿರುವ ಗಾಳಿ ಆ ಸ್ಪ್ರಿಂಗಿಗೆ ಕಟ್ಟಿದ ತೂಕದಂತೆ ಒಳಗೂ ಹೊರಗೂ ತೂಗಾಡುತ್ತದೆ. ಖಾಲಿ ಸೀಸೆಯ ಬಾಯಿಗೆ ಅಡ್ಡವಾಗಿ ಊದಿದಾಗ ಕೇಳುವ 'ಬೂಂ' ಇದೇ.

ಸೈನಸ್ಸಿನಲ್ಲೂ ಹೀಗಾಗುತ್ತದೆಯೆ? ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ವೈಟ್ಸ್‌ಬರ್ಗ್ ಮತ್ತು ಲುಂಡ್‌ಬರ್ಗ್ 2002ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಸೈನಸ್‌ಗಳ ಒಳಪೊರೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸುತ್ತದೆ. (ನಗೆ ಅನಿಲ ಬೇರೆ, ಇದು ಬೇರೆ.) ಮೂಗಿನಿಂದ ಹೊರಬರುವ ಉಸಿರಿನಲ್ಲಿ ಆ ಅನಿಲ ಎಷ್ಟಿದೆಯೆಂದು ಅಳೆದರೆ, ಸೈನಸ್ಸಿನ ಗಾಳಿ ಎಷ್ಟು ಹೊರಬಂತೆಂದು ತಿಳಿಯುತ್ತದೆ. ಸುಮ್ಮನೆ ಉಸಿರು ಬಿಟ್ಟಾಗಿನದಕ್ಕಿಂತ, ಬಾಯಿ ಮುಚ್ಚಿ 'ಮ್‌ಮ್‌' ಎಂದು ಗುಂಯ್‌ಗುಟ್ಟಿದಾಗ ಅದು 15 ಪಟ್ಟು ಹೆಚ್ಚಿತ್ತು! ಮೂಗಿಗೊಂದು, ಸೈನಸ್ಸಿಗೊಂದು ಕೋಣೆಯಿಟ್ಟು ಮಾಡಿದ ಮಾದರಿಯಲ್ಲೂ ಕಂಪಿಸುವ ಗಾಳಿ ಹರಿದಾಗ ಎರಡರ ನಡುವಿನ ಗಾಳಿ ವಿನಿಮಯ ಬಹಳವಾಗಿ ಹೆಚ್ಚಿತು. ಮೇಲಿಂದ ಮೇಲೆ ಗುಂಯ್‌ಗುಟ್ಟಿದರೆ ಅನಿಲ ಪ್ರತಿಸಲ ಕಡಿಮೆಯಾಗುತ್ತದೆ, ಕೊಡ ಬರಿದಾದಂತೆ. ಕೆಲವು ನಿಮಿಷ ಸುಮ್ಮನಿದ್ದರೆ ಮತ್ತೆ ತುಂಬಿಕೊಳ್ಳುತ್ತದೆ.

ಹಾಗಾದರೆ ಭ್ರಾಮರಿ ಪ್ರಾಣಾಯಾಮ ಮಾಡಿದರೆ ಸೈನಸ್ ತೊಂದರೆ ಹೋಗುತ್ತದೆಯೆ ಎಂದು ನೀವು ಕೇಳಬಹುದು. ಇಲ್ಲಿ ಅವಸರ ಬೇಡ. ಗಾಳಿಯಾಡುವುದು ಬೇರೆ, ರೋಗ ವಾಸಿಯಾಗುವುದು ಬೇರೆ. ಸೈನಸ್ಸಿನ ಬಾಯಿ ಪೂರ್ತಿ ಮುಚ್ಚಿದ್ದ ರೋಗಿಗಳು ಗುಂಯ್‌ಗುಟ್ಟಿದರೂ ಅನಿಲ ಏರಲಿಲ್ಲ. ಮುಚ್ಚಳ ಹಾಕಿದ ಸೀಸೆಗೆ ಊದಿದರೆ ದನಿ ಬಂದೀತೆ? ಸೈನಸ್ಸಿನ ಬಾಯಿ ತೆರೆದಿದೆಯೆ ಎಂದು ತಿಳಿಯುವ ಪರೀಕ್ಷೆಯಾಗಿ ಇದನ್ನು ಬಳಸಬಹುದೆಂದು ಸಂಶೋಧಕರು ಸೂಚಿಸಿದ್ದೂ ಇದರಿಂದಲೇ.

ಮೂಗು ತೆರೆದಿರುವಾಗ ದಿನಕ್ಕೆ ಕೆಲವು ಸಲ, ಆಯಾಸವಾಗದಂತೆ, ಗುಂಯ್‌ಗುಟ್ಟಿದರೆ ನಷ್ಟವಿಲ್ಲ. ಆದರೆ ವೈದ್ಯರು ಕೊಟ್ಟ ಔಷಧಿಯನ್ನು ಅದಕ್ಕಾಗಿ ಬಿಡಬೇಡಿ. ಉಪ್ಪುನೀರಿನಿಂದ ಮೂಗು ತೊಳೆಯುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಕೊಡಬೇಡಿ. ಪಾತ್ರೆ ಮಗುಚಿ ಸುಟ್ಟ ಗಾಯಗಳಾಗುವ ಅಪಾಯ ದೊಡ್ಡದು.

ಸಾಮಾನ್ಯ ನೆಗಡಿಯ ಸೈನಸ್ ತೊಂದರೆ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಹತ್ತು ದಿನ ಕಳೆದರೂ ಇಳಿಯದಿದ್ದರೆ, ಅಥವಾ ಇಳಿದದ್ದು ಮತ್ತೆ ಜೋರಾಗಿ ಮರುಕಳಿಸಿದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಕಣ್ಣಿನ ಸುತ್ತ ಬಾವು, ದೃಷ್ಟಿ ಮಂಜಾಗುವುದು ಅಥವಾ ಒಂದು ಎರಡಾಗಿ ಕಾಣುವುದು, ತೀವ್ರ ತಲೆನೋವಿನೊಂದಿಗೆ ಜ್ವರ, ಕುತ್ತಿಗೆ ಸೆಟೆಯುವುದು, ಮಂಪರು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ.