ಎರಡು ಪ್ರಾವಸ್ಥೆಗಳ ಮೇರೆಯಲ್ಲಿ ಕಾಂತತ್ವ

ಅತಿಸೂಕ್ಷ್ಮ ಮಿಶ್ರವಸ್ತುಗಳ ಕಾಂತತ್ವವು ಭೌತವಿಜ್ಞಾನಿಗಳ ವಿಷಯವಾದರೂ ಅದು ತಿಳಿದುಬಂದ ಬಗೆಯು ವಿಜ್ಞಾನದ ಇತಿಹಾಸಕ್ಕೆ ಸೇರಿದುದು. ಆದಕಾರಣ ಅದನ್ನು ನಾವು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

1956ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಶೋಧನಾಲಯದ ಮಿಕಲ್‌ಜಾನ್ ಮತ್ತು ಬೀನ್ ಎಂಬ ವಿಜ್ಞಾನಿಗಳು ಕೋಬಾಲ್ಟಿನ ಸೂಕ್ಷ್ಮ ಕಣಗಳ ವಿಚಾರವಾಗಿ ಒಂದು ಹೊಸ ಸಂಗತಿಯನ್ನು ಪ್ರಕಟಿಸಿದರು. ಕಣಗಳ ಮೇಲೆ ಕೋಬಾಲ್ಟ್ ಆಕ್ಸೈಡಿನ ತೆಳುವಾದ ಪೊರೆಯಿತ್ತು. ಸಾಮಾನ್ಯ ಕಾಂತವನ್ನು ಒಂದು ದಿಕ್ಕಿಗೆ ತಿರುಗಿಸಲು ಎಷ್ಟು ಬಲ ಬೇಕೋ ಎದುರು ದಿಕ್ಕಿಗೆ ತಿರುಗಿಸಲೂ ಅಷ್ಟೇ ಸಾಕು. ಈ ಕಣಗಳಾದರೋ, ಕಾಂತಕ್ಷೇತ್ರದಲ್ಲಿಟ್ಟು 77 ಕೆಲ್ವಿನ್‌ವರೆಗೆ ತಣಿಸಿದಾಗ, ಆ ಕ್ಷೇತ್ರದ ದಿಕ್ಕಿಗೇ ಒಲಿದು ನಿಂತವು. ವಿರುದ್ಧ ದಿಕ್ಕಿಗೆ ಹೊರಳಿಸಲು ಹೆಚ್ಚು ಬಲ ಬೇಕಾಯಿತು.

ಇದಕ್ಕೆ ಕಾರಣವೇನು? ಕೋಬಾಲ್ಟಿನಲ್ಲಿ ಪರಮಾಣುಗಳ ಕಾಂತಮುಖಗಳೆಲ್ಲ ಒಂದೇ ಕಡೆಗಿರುತ್ತವೆ. ಆಕ್ಸೈಡಿನಲ್ಲಿ ಅವು ಸುಮಾರು 290 ಕೆಲ್ವಿನ್‌ಗಿಂತ ಕೆಳಗೆ ಒಂದಕ್ಕೊಂದು ವಿಮುಖವಾಗಿ ನೆಲೆಗೊಳ್ಳುತ್ತವೆ. ಹೀಗೆ ನೆಲೆಗೊಂಡ ಆಕ್ಸೈಡನ್ನು ಹೊರಗಿನ ಕ್ಷೇತ್ರವು ಸುಲಭವಾಗಿ ಕದಲಿಸಲಾರದು. ಎರಡೂ ಕೂಡುವ ಮೇರೆಯಲ್ಲಿ ಪರಮಾಣುಗಳ ನಡುವಣ ವಿನಿಮಯ ಬಲವು ಕೋಬಾಲ್ಟನ್ನು ಆಕ್ಸೈಡಿಗೆ ಕಟ್ಟಿಹಾಕುತ್ತದೆ.

ಈ ಬಲ ಮೇರೆಗೇ ಸೀಮಿತವಾದುದರಿಂದ ಕಣದ ಗಾತ್ರವು ಮುಖ್ಯವಾಗುತ್ತದೆ. ಹೊರಪದರದ ದಪ್ಪ 0.25 ನ್ಯಾನೋಮೀಟರ್ ಎಂದಿಟ್ಟುಕೊಂಡರೆ, 1 ಮಿಲಿಮೀಟರ್ ವ್ಯಾಸದ ಗುಂಡಿನಲ್ಲಿ ಅದು ಹತ್ತು ಲಕ್ಷದಲ್ಲಿ ಒಂದೆರಡು ಪಾಲು ಮಾತ್ರ. 10 ನ್ಯಾನೋಮೀಟರ್ ವ್ಯಾಸದ ಗುಂಡಿನಲ್ಲಾದರೆ ಸುಮಾರು ಏಳರಲ್ಲಿ ಒಂದು ಪಾಲು. ಇಷ್ಟು ಸಣ್ಣ ಕಣಗಳು ಶಾಖದ ಕ್ಷೋಭೆಯಿಂದ ತಮ್ಮ ದಿಕ್ಕನ್ನು ಮರೆಯುವುದುಂಟು. ಆದರೆ 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇರೆಡೆ ಸುಮಾರು 10 ಕೆಲ್ವಿನ್‌ನಲ್ಲಿಯೇ ದಿಕ್ಕು ತಪ್ಪುತ್ತಿದ್ದ 4 ನ್ಯಾನೋಮೀಟರಿನ ಕೋಬಾಲ್ಟ್ ಕಣಗಳು, ಕೋಬಾಲ್ಟ್ ಆಕ್ಸೈಡಿನಲ್ಲಿ ಹುದುಗಿಸಿದಾಗ ಸುಮಾರು 290 ಕೆಲ್ವಿನ್‌ವರೆಗೂ ಸ್ಥಿರವಾಗಿ ನಿಂತವು.

ಇದೇ ವಿನಿಮಯ ಬಲವನ್ನು ಬೇರೊಂದು ಉದ್ದೇಶಕ್ಕೆ ಬಳಸುವ ಮಾರ್ಗವನ್ನು 1991ರಲ್ಲಿ ನೆಲ್ಲರ್ ಮತ್ತು ಹಾವಿಗ್ ತೋರಿಸಿದರು. ಕಬ್ಬಿಣದಂತಹ ಮೃದು ಪ್ರಾವಸ್ಥೆಯಲ್ಲಿ ಕಾಂತತ್ವ ಹೇರಳ, ಸ್ಥಿರತೆ ಕಡಿಮೆ. ನಿಯೋಡೈಮಿಯಮ್ ಸಂಯುಕ್ತದಂತಹ ಕಠಿಣ ಪ್ರಾವಸ್ಥೆಯಲ್ಲಿ ಸ್ಥಿರತೆ ಅಧಿಕ. ಮೃದುವಾದುದರ ದಪ್ಪ ಸುಮಾರು 10 ನ್ಯಾನೋಮೀಟರನ್ನು ಮೀರದಿದ್ದರೆ ಕಠಿಣವಾದುದು ಅದನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳಬಲ್ಲುದು. ಮೀರಿದರೆ ಮೃದುಭಾಗವು ತಾನೇ ಹೊರಳಿಬಿಡುವುದು. ಕಬ್ಬಿಣ–ಪ್ಲಾಟಿನಮ್ ಮಿಶ್ರವಸ್ತುವಿನಲ್ಲಿ 2002ರಲ್ಲಿ ದೊರೆತ ಕಾಂತಶಕ್ತಿಯ ಗುಣಲಬ್ಧವು ಘನಮೀಟರಿಗೆ ಸುಮಾರು 160 ಕಿಲೋಜೌಲ್. ದಿಕ್ಕುಗೂಡಿಸದ ಏಕಪ್ರಾವಸ್ಥೆಗೆ ಸಿದ್ಧಾಂತವು ವಿಧಿಸಿದ ಮಿತಿಯು ಸುಮಾರು 103 ಮಾತ್ರ.

ಇದು ಪ್ರಯೋಗಶಾಲೆಯ ಕುತೂಹಲವಷ್ಟೇ ಅಲ್ಲ. 2010ರಲ್ಲಿ ಜಗತ್ತಿನ ವಿರಳ ಭಸ್ಮ ಧಾತುಗಳ ಉತ್ಪಾದನೆಯಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗ ಚೀನಾದ್ದಾಗಿತ್ತು. ರಫ್ತು ಕುಗ್ಗಿದೊಡನೆ ಬೆಲೆಗಳು ವಿಪರೀತವಾಗಿ ಏರಿದುವು. ಕಬ್ಬಿಣದ ಪಾಲನ್ನು ಹೆಚ್ಚಿಸಿ ಈ ಧಾತುಗಳ ಬಳಕೆಯನ್ನು ತಗ್ಗಿಸಬಹುದೆಂಬುದೇ ಇಂತಹ ಮಿಶ್ರವಸ್ತುಗಳ ಆಶ್ವಾಸನೆ. ಆದರೆ ಕಣಗಳನ್ನು ಅಷ್ಟು ಸೂಕ್ಷ್ಮವಾಗಿ ಬೆರೆಸಿ, ಅವೆಲ್ಲವನ್ನೂ ಒಂದೇ ದಿಕ್ಕಿಗೆ ಜೋಡಿಸಿ, ದೊಡ್ಡ ಗಟ್ಟಿಯಾಗಿ ರೂಪಿಸುವುದು ಕಷ್ಟ. 1993ರಲ್ಲಿ ಸ್ಕೊಮ್ಸ್ಕಿ ಮತ್ತು ಕೋಯ್ ಗಣಿಸಿದ ಸುಮಾರು 1000 ಕಿಲೋಜೌಲಿನ ಗುರಿಯು ಈ ಕಾರಣದಿಂದಲೇ ದೂರ ಉಳಿದಿದೆ. ತತ್ತ್ವ ದೊರೆತಿದೆ; ಅದನ್ನು ವಸ್ತುವಾಗಿಸುವ ಕೌಶಲ ಇನ್ನೂ ಸಿದ್ಧಿಸಬೇಕಾಗಿದೆ.