ವೆಬ್‌ಸೈಟ್ ಕೊಟ್ಟರೆ ಸಾಲದು, ನಡೆಸುವುದನ್ನೂ ತೋರಿಸಿ

‘ಮಳೆಗಾಲದ ರೇಟ್ ಹಾಕ್ಬೇಕಿತ್ತು, ಎಲ್ಲಿ ಒತ್ತೋದು ಸ್ವಲ್ಪ ಹೇಳ್ತೀರಾ?’

ಹೋಂಸ್ಟೇಗೋ ಸಹಕಾರ ಸಂಘಕ್ಕೋ ವೆಬ್‌ಸೈಟ್ ಮಾಡಿಕೊಟ್ಟವರಿಗೆ ಇಂಥ ಫೋನ್ ಹೊಸದಲ್ಲ. ಸೈಟ್ ಒಪ್ಪಿಸುವ ದಿನ ಎದುರು ಕೂರಿಸಿಕೊಂಡು ಎಲ್ಲವನ್ನೂ ಹೇಳಿಕೊಟ್ಟಿರುತ್ತಾರೆ. ಆದರೆ ರೇಟ್ ಬದಲಿಸುವ ಪ್ರಸಂಗ ಬರುವುದು ತಿಂಗಳುಗಳ ನಂತರ. ಅಷ್ಟು ಹೊತ್ತಿಗೆ ಕೇಳಿದ್ದೆಲ್ಲ ಮರೆತಿರುತ್ತದೆ. ಅದಕ್ಕೇ ಈಗ ಅನೇಕ ಡೆವಲಪರ್‌ಗಳು ಕಂಪ್ಯೂಟರ್ ಪರದೆಯನ್ನೇ ರೆಕಾರ್ಡ್ ಮಾಡಿ, ವಿವರಣೆ ಸೇರಿಸಿ ಗ್ರಾಹಕರ ಕೈಗಿಡುತ್ತಿದ್ದಾರೆ.

ವೆಬ್‌ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಬಗ್ಗೆ ಯೂಟ್ಯೂಬ್‌ನಲ್ಲಿ ಪಾಠಗಳಿಗೆ ಬರವಿಲ್ಲ, ನಿಜ. ಆದರೆ ಪ್ರತಿ ಸೈಟಿನ ಥೀಮ್ ಬೇರೆ, ಮೆನು ಬೇರೆ. ಅಲ್ಲಿ ತೋರಿಸುವ ಬಟನ್ ಇಲ್ಲಿ ಕಾಣಿಸದಿದ್ದರೆ ಹೊಸಬರು ಅಲ್ಲಿಗೇ ಕೈಬಿಡುತ್ತಾರೆ. ಆದ್ದರಿಂದ ಪಾಠ ಅವರದೇ ಸೈಟಿನ ಮೇಲೆ ಆಗಬೇಕು. ಅವರಿಗೆ ಕೊಟ್ಟಿರುವ ಲಾಗಿನ್‌ನಂಥದ್ದರಿಂದಲೇ ಆಗಬೇಕು. ವರ್ಡ್‌ಪ್ರೆಸ್‌ನಲ್ಲಿ ‘ಅಡ್ಮಿನಿಸ್ಟ್ರೇಟರ್’ಗೆ ಕಾಣುವ ಪ್ಲಗಿನ್, ಥೀಮ್ ಮೆನುಗಳು ‘ಎಡಿಟರ್’ಗೆ ಕಾಣುವುದಿಲ್ಲ. ಅಡ್ಮಿನ್ ಲಾಗಿನ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ, ‘ನಮ್ಮಲ್ಲಿ ಅದು ಬರ್ತಾನೇ ಇಲ್ಲ’ ಎಂಬ ಇನ್ನೊಂದು ಫೋನ್ ಗ್ಯಾರಂಟಿ.

<b>ಒಂದು ಕೆಲಸ, ಒಂದು ವಿಡಿಯೊ</b>

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿನ ಪಾಠಗಳು ಸುಮಾರು ಹತ್ತು ನಿಮಿಷದವು. ಪರದೆ ಇಂಗ್ಲಿಷಿನಲ್ಲೇ ಇದ್ದರೂ ವಿವರಣೆ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿದೆ. ರೆಕಾರ್ಡ್ ಮಾಡುವ ಮೊದಲೇ ಸ್ಕ್ರಿಪ್ಟ್ ಸಿದ್ಧವಾಗುತ್ತದೆ. ವಿಷಯ ಗೊತ್ತಿಲ್ಲದ ಹೊಸಬರೊಬ್ಬರು ಅದನ್ನು ಪರೀಕ್ಷಿಸುತ್ತಾರೆ. ವಿಡಿಯೊ ನಿಲ್ಲಿಸಿ ನಿಲ್ಲಿಸಿ ಜೊತೆಜೊತೆಗೇ ಮಾಡಿ ಕಲಿಯುವುದು ಅಲ್ಲಿನ ಕ್ರಮ.

ಗ್ರಾಹಕರಿಗೆ ಹತ್ತು ನಿಮಿಷವೂ ಹೆಚ್ಚೇ. ‘ಕೋಣೆಯ ಬಾಡಿಗೆ ಬದಲಿಸುವುದು’, ‘ಹೊಸ ಫೋಟೊ ಸೇರಿಸುವುದು’ ಎಂದು ಕೆಲಸದ ಹೆಸರನ್ನೇ ಶೀರ್ಷಿಕೆಯಾಗಿಟ್ಟು ಎರಡು–ಮೂರು ನಿಮಿಷದಲ್ಲಿ ಮುಗಿಸಿದರೆ ಬೇಕಾದದ್ದು ತಕ್ಷಣ ಸಿಗುತ್ತದೆ. ಬಿಡಿಬಿಡಿಯಾಗಿ ಮಾಡುವುದರಲ್ಲಿ ಇನ್ನೊಂದು ಅನುಕೂಲವಿದೆ. 2018ರ ಡಿಸೆಂಬರ್‌ನಲ್ಲಿ ವರ್ಡ್‌ಪ್ರೆಸ್ 5.0 ಬಂದಾಗ ಬರೆಯುವ ಪರದೆಯೇ ಬದಲಾಯಿತು, ಹಳೆಯ ಪಾಠಗಳು ಹೊಂದದಾದವು. ಅಂಥ ಹೊತ್ತಿನಲ್ಲಿ ಕೆಟ್ಟ ತುಣುಕನ್ನಷ್ಟೇ ಮತ್ತೆ ಮಾಡಿದರೆ ಸಾಕು.

<b>ತಪ್ಪುವ ಜಾಗವನ್ನು ತೋರಿಸಿ</b>

ಕನ್ನಡದ ಸೈಟ್‌ಗಳಿಗೆ ಬೇರೆಯದೇ ಒಂದು ಪಾಠ ಬೇಕು. ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ವರದಿಯನ್ನು ನೇರವಾಗಿ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣಿಸುತ್ತದೆ. ಸೈಟೇ ಕೆಟ್ಟಿತೆಂದು ಜನ ಗಾಬರಿಯಾಗುತ್ತಾರೆ. ವಿಡಿಯೊದಲ್ಲಿ ಬೇಕೆಂದೇ ಹಾಗೆ ಪೇಸ್ಟ್ ಮಾಡಿ, ಆಮೇಲೆ ಯುನಿಕೋಡ್‌ಗೆ ಪರಿವರ್ತಿಸಿ ತೋರಿಸಿದರೆ ಮುಂದೆ ಗಾಬರಿಯಿರದು. ಮೊಬೈಲ್‌ನಿಂದ ತೆಗೆದ ಹಲವು ಎಂಬಿ ಗಾತ್ರದ ಚಿತ್ರವನ್ನು ಹಾಗೇ ಏರಿಸಿದರೆ ಪುಟ ತೆರೆಯಲು ತಡವಾಗುತ್ತದೆ. ಅದನ್ನು ಚಿಕ್ಕದು ಮಾಡುವುದನ್ನೂ ತೋರಿಸಬೇಕು.

ದುಬಾರಿ ಸಲಕರಣೆ ಬೇಡ. ಪರದೆ ರೆಕಾರ್ಡ್ ಮಾಡುವ ಒಬಿಎಸ್ ಸ್ಟುಡಿಯೊ ತಂತ್ರಾಂಶ ಉಚಿತ. ಫ್ಯಾನ್ ಆರಿಸಿದ ಕೋಣೆ, ಸಾಧಾರಣ ಇಯರ್‌ಫೋನ್ ಮೈಕ್ ಸಾಕು. ಬ್ರೌಸರ್‌ನ ಅಕ್ಷರ ದೊಡ್ಡದು ಮಾಡಿಕೊಳ್ಳಿ, ವಾಟ್ಸ್‌ಆ್ಯಪ್ ಸಂದೇಶ ಮೂಡದಂತೆ ನೋಡಿಕೊಳ್ಳಿ. ಯೂಟ್ಯೂಬ್‌ನಲ್ಲಿ ‘ಅನ್‌ಲಿಸ್ಟೆಡ್’ ಆಗಿ ಹಾಕಿದ ವಿಡಿಯೊ ಹುಡುಕಾಟದಲ್ಲಿ ಬರದಿದ್ದರೂ ಲಿಂಕ್ ಸಿಕ್ಕವರೆಲ್ಲ ನೋಡಬಹುದು. ಹಾಗಾಗಿ ಪಾಸ್‌ವರ್ಡ್, ಅತಿಥಿಗಳ ಫೋನ್ ನಂಬರ್ ಪರದೆಗೆ ಬರಬಾರದು.

ವಿವರಿಸಲು ಕೂತಾಗಲೇ ಸೈಟಿನ ಹುಳುಕೂ ಹೊರಬೀಳುತ್ತದೆ. ಒಂದು ಬಾಡಿಗೆ ಬದಲಿಸಲು ನಾಲ್ಕು ಪುಟ ತಿದ್ದಬೇಕೆಂದು ಹೇಳಬೇಕಾಗಿ ಬಂದರೆ ರೆಕಾರ್ಡಿಂಗ್ ನಿಲ್ಲಿಸಿ, ಮೊದಲು ಸೈಟನ್ನು ಸರಿಮಾಡುವುದು ಒಳ್ಳೆಯದು. ಸೈಟ್ ಒಪ್ಪಿಸುವ ಮೊದಲೇ ವಿಡಿಯೊ ಮಾಡಬೇಕು, ಅದರ ಖರ್ಚನ್ನು ಕೊಟೇಶನ್‌ನಲ್ಲೇ ಸೇರಿಸಬೇಕು ಎನ್ನುವುದು ಇದಕ್ಕೇ.